ನಾನು ಬಿಟ್ಟ ಶಟಲ್‌ಗಳು

ಕೋರ್ಟ್ ಒಳಗೆ ನಮ್ಮಿಬ್ಬರ ನಡುವೆ ಎರಡು ಮಾತು ನಿಷಿದ್ಧವಾಗಿದ್ದವು. ಒಂದು 'ಸಾರಿ', ಇನ್ನೊಂದು 'ಯಾಕೆ'. ಡಬಲ್ಸ್‌ನಲ್ಲಿ ಜೊತೆಯವಳು ಬಿಟ್ಟ ಶಟಲ್ಲನ್ನು ಓಡಿಹೋಗಿ ತೆಗೆಯಬೇಕು, ಆಗದಿದ್ದರೆ ಬಾಯಿ ಮುಚ್ಚಿಕೊಂಡು ಮುಂದಿನ ಪಾಯಿಂಟಿಗೆ ನಿಲ್ಲಬೇಕು. ಯಾಕೆ ಬಿಟ್ಟೆ, ಎಲ್ಲಿ ನೋಡ್ತಿದ್ದೆ ಅಂತ ಶುರುಮಾಡಿದರೆ ಆ ಜೋಡಿ ಅಲ್ಲಿಗೆ ಮುಗಿಯಿತು. ಈ ನಿಯಮ ಮಾಡಿದವಳು ನಾನೇ. ನನ್ನ ಬಾಯಿ ಮೊದಲಿಂದಲೂ ಜೋರು, ಮೂಗಿನ ತುದಿಯಲ್ಲಿ ಸಿಟ್ಟು. ಮೈಸೂರಿನಲ್ಲಿ ಆಡುತ್ತಿದ್ದಾಗ ಇದೇ ಬಾಯಿಂದ ಇಬ್ಬರು ಒಳ್ಳೆ ಜೊತೆಗಾರ್ತಿಯರನ್ನು ಕಳೆದುಕೊಂಡಿದ್ದೆ. ಮೂರನೆಯವಳನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ಈ ಮೂರನೆಯವಳು ಧಾರವಾಡದವಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದಳು. ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ, ಮನೆ ಊರಾಚೆ ಹಿಕ್ಸ್‌ವಿಲ್‌ನಲ್ಲಿ. ನಾನು ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನ ಆಫೀಸೊಂದರಲ್ಲಿ ಎಂಜಿನಿಯರ್. ಪ್ರಾಕ್ಟೀಸ್ ಇರುವ ದಿನ ಅವಳು ರೈಲು ಬದಲಿಸಿಕೊಂಡು ನ್ಯೂವಾರ್ಕ್‌ವರೆಗೆ ಬರುತ್ತಿದ್ದಳು, ಅಲ್ಲಿಂದ ನಾನು ಕಾರಿನಲ್ಲಿ ಹತ್ತಿಸಿಕೊಂಡು ಒಂದು ಹೈಸ್ಕೂಲ್ ಜಿಮ್ಮಿಗೆ ಹೋಗುತ್ತಿದ್ದೆ. ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಟೇಪ್ ಅಂಟಿಸಿ ನಾವೇ ಕೋರ್ಟ್ ಮಾಡಿಕೊಳ್ಳಬೇಕು. ಇಷ್ಟೆಲ್ಲ ಒದ್ದಾಡಿ ಇಬ್ಬರೂ ಅಮೆರಿಕ ತಂಡದ ಶರ್ಟ್ ಹಾಕಿಕೊಂಡು ಕೆನಡಾದಲ್ಲಿ, ಮೆಕ್ಸಿಕೋದಲ್ಲಿ ಆಡಿ ಬಂದಿದ್ದೆವು. ಸೋಮವಾರ ಆಫೀಸಿಗೆ ಹೋದರೆ, "ಓ, ಬ್ಯಾಡ್ಮಿಂಟನ್! ಹಿತ್ತಲಲ್ಲಿ ಬಾರ್ಬೆಕ್ಯೂ ಮಾಡುವಾಗ ನಾವೂ ಆಡ್ತೀವಿ" ಅನ್ನುವವರೇ ಎಲ್ಲ. ಅವರಿಗೆ ಏನು ಹೇಳೋದು, ಕರ್ಮ.

ನಮ್ಮ ಆಟ ಇಷ್ಟೇ. ನಾನು ಮುಂದೆ, ನೆಟ್ ಹತ್ತಿರ. ಅವಳು ಹಿಂದೆ. ಅವಳ ಸ್ಮ್ಯಾಶ್ ಬಂದೂಕಿನ ಹಾಗೆ; ಎದುರಿನವರು ಹೆದರಿ ಮೆತ್ತಗೆ ಎತ್ತಿದ್ದನ್ನು ನಾನು ಮುಂದೆ ನಿಂತು ಕೊಲ್ಲುತ್ತಿದ್ದೆ. ಕೂಗೋದೆಲ್ಲ ಕನ್ನಡದಲ್ಲಿ: 'ನಂದು', 'ಬಿಡು', 'ಹಿಂದೆ'. ಎದುರಿಗಿದ್ದವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದೊಂದು ಖುಷಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾರನೆಯ ವಸಂತದಲ್ಲಿ ಯೂರೋಪಿನಲ್ಲಿ ತಂಡಗಳ ಪಂದ್ಯಾವಳಿ ಇತ್ತು. ಅಮೆರಿಕದಿಂದ ಹೆಂಗಸರ ಡಬಲ್ಸ್‌ಗೆ ಒಂದೇ ಜೋಡಿ ಹೋಗುವುದು. ಆಯ್ಕೆ ಪಂದ್ಯಗಳು ನಮ್ಮ ನ್ಯೂಜೆರ್ಸಿಯಲ್ಲೇ ಅಂತ ಗೊತ್ತಾದಾಗ ನಾವಿಬ್ಬರೂ ಫೋನಿನಲ್ಲೇ ಕಿರುಚಿದ್ದೆವು. ನನ್ನ ವಯಸ್ಸಿಗೆ ಇನ್ನೊಂದು ಅವಕಾಶ ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ಚಳಿಗಾಲ ಶುರುವಾದಾಗಿಂದ ಜಿಮ್ಮಿನ ಲೈಟಿನ ಮೇಲೆ ನನ್ನ ಜಗಳ. ಎಡಗಡೆ ಮೇಲಿನ ದೀಪಗಳು ಮಂಕು, ಶಟಲ್ ಅಲ್ಲಿಗೆ ಹೋದರೆ ಕಳೆದೇಹೋಗುತ್ತೆ ಅಂತ ಜಿಮ್ ನೋಡಿಕೊಳ್ಳುವವನ ತಲೆ ತಿಂದೆ. ಪಾಪ, ಏಣಿ ಹಾಕಿ ಬಲ್ಬ್ ಬದಲಿಸಿದ. "ಈಗ ಹೇಗಿದೆ?" ಅಂತ ಕೇಳಿದ. "ಪರವಾಗಿಲ್ಲ" ಅಂದೆ. ನಿಜ ಹೇಳಬೇಕೆಂದರೆ ಏನೂ ವ್ಯತ್ಯಾಸ ಕಂಡಿರಲಿಲ್ಲ.

ಒಂದು ಭಾನುವಾರ ಹಿಮ ಬಿದ್ದು ಅವಳ ರೈಲು ನಿಂತುಹೋಯಿತು. ಜಿಮ್ಮಿಗೆ ಬಂದಿದ್ದವರಲ್ಲಿ ಕಾಲೇಜು ಓದುವ ಒಬ್ಬ ಹುಡುಗಿ ಇದ್ದಳು. ಇಲ್ಲೇ ಹುಟ್ಟಿದ ಕನ್ನಡದವರ ಮಗು; ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳನ್ನು ಜೊತೆಗೆ ಹಾಕಿಕೊಂಡು ಒಂದು ಗೇಮ್ ಆಡೋಣ ಅಂತ ಇಳಿದೆ. ಎದುರಿನವರು ಹೊಡೆಯುವಾಗ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು, ನಾನು ಎಡಕ್ಕೆ. ಶಟಲ್ ಒಂದು ನನ್ನ ಬೆನ್ನ ಹಿಂದೆ ಎಡಮೂಲೆಗೆ ಬಿತ್ತು. ಹುಡುಗಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ಜಾಗಕ್ಕೆ. ನನ್ನ ಪಿತ್ತ ನೆತ್ತಿಗೇರಿತು.

"ಯಾಕೆ ಬಿಟ್ಟೆ? ಕಣ್ಣು ಎಲ್ಲಿಟ್ಟಿದೀಯ?"

"ಆಂಟಿ, ದಟ್ ವಾಸ್ ಯುವರ್ಸ್."

"ಕೋರ್ಟ್‌ನಲ್ಲಿ ಆಂಟಿ ಗೀಂಟಿ ಅನ್ನಬೇಡ. ನನ್ನದು ಹೇಗಾಗುತ್ತೆ?"

ಅವಳು ಮೆಲ್ಲಗೆ, ದೊಡ್ಡವರಿಗೆ ಬೇಜಾರಾಗದ ಹಾಗೆ, ಶಟಲ್ ಬಿದ್ದಲ್ಲಿಗೆ ಹೋಗಿ ರಾಕೆಟ್ಟಿನಿಂದ ತೋರಿಸಿದಳು. ಬಿದ್ದದ್ದು ನನ್ನ ಅರ್ಧದಲ್ಲಿ, ನಾನು ನಿಂತಲ್ಲಿಂದ ಎರಡು ಹೆಜ್ಜೆಗೆ. ಹತ್ತು ವರ್ಷದ ಮಕ್ಕಳೂ ಅದನ್ನು ಬಿಡುವುದಿಲ್ಲ. "ಯು ಡಿಡಿಂಟ್ ಈವನ್ ಲುಕ್ ಅಪ್" ಅಂದಳು. ನಾನು ನೋಡಲೇ ಇಲ್ಲವಂತೆ. ನೋಡೋಕೆ ಶಟಲ್ ಎಲ್ಲಿತ್ತು? ನೆಟ್ ದಾಟಿದ ಮೇಲೆ ಅದು ಇರಲೇ ಇಲ್ಲ. ಆಟ ಹೇಗೋ ಮುಗಿಸಿದೆ. ಇಷ್ಟು ದಿನ ಆ ಮೂಲೆಯ ಶಟಲ್ಲನ್ನೆಲ್ಲ ಹೊಡೆಯುತ್ತಿದ್ದವರು ಯಾರು ಅನ್ನುವುದು ತಲೆಗೆ ಬಂದುಬಿಟ್ಟಿತ್ತು.

ಮುಂದಿನ ಸಲ ನ್ಯೂವಾರ್ಕ್‌ನಲ್ಲಿ ಧಾರವಾಡದವಳು ಕಾರು ಹತ್ತಿದ ಕೂಡಲೇ ಕೇಳಿದೆ. "ನಾನು ಎಡಗಡೆಯದ್ದನ್ನು ಬಿಡ್ತಾ ಇದೀನಿ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರ... ನೀ ಮುಂದಿಂದು ನೋಡ್ಲಿಕ್ಕತ್ತೀ, ಹಿಂದಿಂದು ನನಗ ಬಿಟ್ಟೀ ಅಂದ್ಕೊಂಡೆ ಅಕ್ಕಾ. ನೀ ಬಿಟ್ಟದ್ದು ನಾ ತಗೊಂಡೆ. ಅಷ್ಟ."

"ಎಷ್ಟು ದಿನದಿಂದ?"

"ಹೋದ ಬ್ಯಾಸಗಿಯಿಂದ ಇರಬೇಕು. ಮೆಕ್ಸಿಕೋದಾಗೂ ಹಂಗ ಇತ್ತಲ್ಲ."

"ಒಂದು ಮಾತು ಕೇಳಬಾರದಾಗಿತ್ತೇನೇ!"

"ಯಾಕ ಅಂತ ಕೇಳಬ್ಯಾಡ ಅಂದಾಕಿ ನೀನ ಅಲ್ಲೇನು?"

ಮಾತಾಡುತ್ತಲೇ ಗಾಡಿ ಓಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳು, "ಅಕ್ಕಾ, ಕೆಂಪು!" ಅಂದಳು. ಬ್ರೇಕ್ ಒತ್ತಿದೆ. ಇಲ್ಲಿ ಸಿಗ್ನಲ್ ದೀಪಗಳು ರಸ್ತೆಯ ಮೇಲೆ ತಂತಿಗೆ ನೇತಾಡುತ್ತವಲ್ಲ, ನನಗೆ ಅದು ಕಂಡಿರಲಿಲ್ಲ. ಆಗ ಹೊಳೆಯಿತು. ಅವಳು ಹಾಗೆ ಅನ್ನುವುದು ಮೊದಲ ಸಲವಲ್ಲ. ಎಷ್ಟೋ ತಿಂಗಳಿಂದ ಪಕ್ಕದಲ್ಲಿ ಕೂತು 'ಕೆಂಪು', 'ಹಸಿರು' ಅನ್ನುತ್ತಿದ್ದಳು. ಹಿಕ್ಸ್‌ವಿಲ್‌ನವಳಿಗೆ ನ್ಯೂಜೆರ್ಸಿ ಡ್ರೈವಿಂಗ್ ಕಂಡರೆ ಭಯ ಅಂತ ನಾನು ನಗುತ್ತಿದ್ದೆ.

ಕಣ್ಣಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು, ಮ್ಯಾನ್‌ಹಟನ್‌ಗೆ. ಒಂದು ದೊಡ್ಡ ಬಿಳಿ ಬೋಗುಣಿಯಂಥ ಮೆಷಿನ್ನಿಗೆ ಗಲ್ಲ ಊರಿಸಿ ಕೂರಿಸಿದರು. ಒಂದು ಕಣ್ಣಿಗೆ ಪಟ್ಟಿ. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಆಟ ಅಂದರೆ ನನಗೆ ಸೋಲು ಸೇರುವುದಿಲ್ಲ. ಇದನ್ನೂ ಗೆಲ್ಲಬೇಕು ಅಂತ ಅಂದಾಜಿನ ಮೇಲೆ ಟಕಟಕ ಒತ್ತತೊಡಗಿದೆ. "ಪ್ಲೀಸ್ ಡೋಂಟ್ ಗೆಸ್" ಅಂತ ಟೆಕ್ನಿಷಿಯನ್ ಗದರಿದಳು. ಆಮೇಲೆ ಪ್ರಾಮಾಣಿಕವಾಗಿ ಕೂತೆ. ಮಧ್ಯೆ ಮಧ್ಯೆ ತುಂಬ ಹೊತ್ತು ಬೆಳಕೇ ಬರಲಿಲ್ಲ. "ಮೆಷಿನ್ ನಿಂತಿದೆ ಅನ್ಸುತ್ತೆ" ಅಂದೆ. "ನೋ ಮ್ಯಾಮ್, ಇಟ್ಸ್ ರನ್ನಿಂಗ್" ಅಂದಳು. ಅಲ್ಲೇ, ಗಲ್ಲ ಊರಿಕೊಂಡೇ, ಕಣ್ಣೀರು ಬಂತು. ಕಣ್ಣು ಒರೆಸಿಕೊಳ್ಳಲಿ ಅಂತ ಅವಳು ಮೆಷಿನ್ ನಿಲ್ಲಿಸಿದಳು.

ಗ್ಲಾಕೋಮಾ. ಎರಡೂ ಕಣ್ಣಿನ ಮೇಲ್ಭಾಗದ ನೋಟ ಹೋಗಿದೆ, ಎಡಗಡೆ ಹೆಚ್ಚು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಅಂದರು ಡಾಕ್ಟರು. ಇದರಲ್ಲಿ ನೋವಿಲ್ಲ, ಕಪ್ಪು ಪರದೆ ಗಿರದೆ ಏನೂ ಕಾಣುವುದಿಲ್ಲ. ಇಲ್ಲದ್ದು ಇಲ್ಲ ಅಂತ ತಿಳಿಯುವುದೇ ಇಲ್ಲ. "ಆಟದಲ್ಲಿ ನಿಮಗೆ ಮೊದಲೇ ಗೊತ್ತಾಗಬೇಕಿತ್ತಲ್ಲ?" ಅಂತ ಕೇಳಿದರು. ಗೊತ್ತಾಗದ ಹಾಗೆ ನೋಡಿಕೊಂಡವಳು ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

ಹನಿ ಔಷಧಿ ಕೊಟ್ಟರು. ಅದನ್ನು ಹಾಕಿಕೊಂಡರೆ ಪಾಪೆ ಸಣ್ಣದಾಗಿ ಜಗತ್ತೆಲ್ಲ ಸಂಜೆಯಾದ ಹಾಗೆ. ಜಿಮ್ಮಿನಲ್ಲಿ ಇನ್ನೂ ಕಷ್ಟ. ನಮ್ಮ ಯಜಮಾನರು ಮೊದಲನೇ ದಿನವೇ, "ಸಾಕು ಕಣೇ, ಬಿಟ್ಬಿಡು" ಅಂದರು. ಗಾಡಿ ಓಡಿಸುವುದನ್ನು ಆ ಗಳಿಗೆಯಿಂದ ಬಿಟ್ಟೆ. ಆಟ ಬಿಡಲು ಮನಸ್ಸು ಬರಲಿಲ್ಲ. ಇಷ್ಟು ತಿಂಗಳು ಹೀಗೇ ಆಡಿ ಗೆದ್ದಿದ್ದೀವಲ್ಲ, ಇನ್ನೊಂದೆರಡು ತಿಂಗಳು ಆಡಿದರೆ ಏನಂತೆ? ಅವಳೂ ಅದನ್ನೇ ಹೇಳಿದಳು. "ಯಾರಿಗೂ ಹೇಳೂದು ಬ್ಯಾಡ. ಯೂರೋಪಿಗೆ ಹೋಗಿ ಬಂದಮ್ಯಾಲೆ ನೋಡೂಣು. ನಾ ಅದೀನಲ್ಲ." ಈಗ ಅವಳು ಇನ್ನೊಂದು ರೈಲು ಹತ್ತಿ ನಮ್ಮೂರಿನವರೆಗೂ ಬಂದು ನನ್ನ ಕಾರನ್ನು ತಾನೇ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ.

ಆದರೆ ಡಬಲ್ಸ್‌ನಲ್ಲಿ ಒಂದು ಹೊಡೆತವಿದೆ, ಅದನ್ನು ಮಾತ್ರ ಜೊತೆಯವಳು ತೆಗೆಯುವ ಹಾಗಿಲ್ಲ. ಸರ್ವ್. ಯಾರ ಕಡೆಗೆ ಸರ್ವ್ ಮಾಡಿದ್ದಾರೋ ಅವರೇ ಹೊಡೆಯಬೇಕು. ಇನ್ನೊಬ್ಬಳು ಮುಟ್ಟಿದರೆ ಪಾಯಿಂಟ್ ಹೋಯಿತು. ಸಾಮಾನ್ಯವಾಗಿ ಸರ್ವ್ ನೆಟ್ಟಿಗೆ ಸವರಿಕೊಂಡು ತಗ್ಗಾಗಿ ಬರುತ್ತೆ. ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಕೆಲವರು ತಗ್ಗಾಗಿ ಮಾಡುವ ಹಾಗೆ ಕೈ ತಂದು, ಕೊನೇ ಗಳಿಗೆಯಲ್ಲಿ ಮಣಿಕಟ್ಟು ಚಿಮ್ಮಿಸಿ ತಲೆಯ ಮೇಲಿಂದ ಹಿಂದಕ್ಕೆ ಹಾರಿಸುತ್ತಾರೆ. ಫ್ಲಿಕ್ ಅಂತಾರೆ ಅದನ್ನ. ಅದು ಹೋಗುವುದು ಸರಿಯಾಗಿ ನನ್ನ ಕಣ್ಣು ಸತ್ತ ಜಾಗಕ್ಕೆ.

ಅದಕ್ಕೂ ಅವಳು ಉಪಾಯ ಹುಡುಕಿದಳು. ನನ್ನ ಹಿಂದೆ ನಿಂತು ಸರ್ವ್ ಮಾಡುವವರ ಮಣಿಕಟ್ಟು ನೋಡುವುದು, ಶಟಲ್ ಮೇಲಕ್ಕೆ ಹೊರಟಿತೋ "ಮ್ಯಾಲೆ!" ಅಂತ ಕೂಗುವುದು. ಕೂಗಿದ ತಕ್ಷಣ ನಾನು ನೋಡುವುದಕ್ಕೆ ಹೋಗದೆ ಕಾಲಿನ ಲೆಕ್ಕದಲ್ಲೇ ಹಿಂದಕ್ಕೆ ನೆಗೆದು, ಅದು ಇರಬೇಕಾದಲ್ಲಿ ಬೀಸುವುದು. ಸಂಜೆಗಟ್ಟಲೆ ಅದೊಂದನ್ನೇ ಆಡಿದೆವು. ಕಾಲೇಜು ಹುಡುಗಿ ಸರ್ವ್ ಮಾಡುತ್ತಿದ್ದಳು. ಯಾಕೆ ಅಂತ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಮೊದಮೊದಲು ಬರೀ ಗಾಳಿಗೆ ಬೀಸಿದೆ. ಆಮೇಲಾಮೇಲೆ ರಾಕೆಟ್ಟಿಗೆ ತಾಗತೊಡಗಿತು. ಕಾಣದ ಶಟಲ್ ತಂತಿಗೆ ತಾಗಿ ಟಪ್ ಅಂದಾಗ ಇಬ್ಬರೂ ಮಕ್ಕಳ ಹಾಗೆ ಕುಣಿಯುತ್ತಿದ್ದೆವು. ಆ ವಾರಗಳಲ್ಲಿ ನನಗೆ ದುಃಖ ಇತ್ತು ಅಂದರೆ ಸುಳ್ಳಾಗುತ್ತೆ.

ಆಯ್ಕೆ ಪಂದ್ಯಗಳು ಒಂದು ಕಾಲೇಜಿನ ಜಿಮ್ಮಿನಲ್ಲಿ ನಡೆದವು. ಮೊದಲನೆಯದನ್ನು ಗೆದ್ದೆವು. ಎರಡನೆಯದಕ್ಕೆ ಬಂದವರು ಕ್ಯಾಲಿಫೋರ್ನಿಯಾದ ಜೋಡಿ. ಅವರನ್ನು ಸೋಲಿಸಿದರೆ ನಾವೇ ಅಂತ ಎಲ್ಲರಿಗೂ ಗೊತ್ತಿತ್ತು. ಮೊದಲ ಗೇಮಿನಲ್ಲಿ ಹದಿನೈದು ಪಾಯಿಂಟು ಮೊದಲು ನಮಗೇ ಆಯಿತು. ಎರಡನೆಯದರ ಮಧ್ಯದಲ್ಲಿ ಅವರಲ್ಲಿ ಹಿರಿಯವಳು ಒಂದು ಫ್ಲಿಕ್ ಹಾಕಿದಳು. "ಮ್ಯಾಲೆ!" ನೆಗೆದೆ, ತಾಗಿತು, ಆದರೆ ಪೆಚ್ಚಾಗಿ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಅನುಭವಸ್ಥೆ. ಒಂದು ತಗ್ಗು, ಎರಡು ಮೇಲೆ, ಒಂದು ತಗ್ಗು, ಮತ್ತೆ ಮೇಲೆ. ಅಲ್ಲಿಂದಾಚೆ ನನ್ನನ್ನು ಬಿಡಲಿಲ್ಲ. ಆಗಿನ ಲೆಕ್ಕದಲ್ಲಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟು. ಅವರ ಕೈಯಿಂದ ಸರ್ವ್ ಕಿತ್ತುಕೊಳ್ಳಲು ನನ್ನಿಂದ ಆಗಲೇ ಇಲ್ಲ. ಹೆಚ್ಚಿನದು ಗಾಳಿಗೆ ಹೋಯಿತು. ಜನ ನೋಡುತ್ತಿದ್ದಾರೆ. ನಾಚಿಕೆಯಾಯಿತು, ಸಿಟ್ಟು ಬಂತು, ಅಳು ಬಂತು. ಎರಡನೇ ಗೇಮ್ ಹೋಯಿತು.

ಮೂರನೆಯದರಲ್ಲಿ ಮತ್ತೊಂದು ಫ್ಲಿಕ್. "ಮ್ಯಾಲೆ!" ಅಂದಳು, ದನಿ ಒಡೆದಿತ್ತು. ಸರ್ವಶಕ್ತಿಯಿಂದ ಹಿಂದಕ್ಕೆ ನೆಗೆದು ಬೀಸಿದೆ. ತಾಗಿತು. ಆದರೆ ಅದು ಶಟಲ್ ತಾಗಿದ ಸದ್ದಲ್ಲ. ತಿರುಗಿದರೆ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮಂಡಿಯೂರಿದ್ದಳು. ಬೆರಳ ಸಂದಿಯಿಂದ ರಕ್ತ. ಶಟಲ್ ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು.

ಆ ಶಟಲ್ಲನ್ನು ಅವಳು ಮುಟ್ಟುವ ಹಾಗೇ ಇರಲಿಲ್ಲ. ಸರ್ವ್ ಅದು, ನನ್ನದು. ನಿಯಮ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಂದಿದ್ದಳು. ನಾನು ಬಿಟ್ಟದ್ದನ್ನು ತೆಗೆಯಲು ಬಂದು ಬಂದು ಅವಳ ಕಾಲಿಗೆ ಬೇರೆ ದಾರಿಯೇ ಮರೆತುಹೋಗಿತ್ತು.

"ಸಾರಿ ಕಣೇ" ಅಂದೆ.

"ಏನಿಲ್ಲಕ್ಕಾ. ತುಟಿ ಹರದದ ಅಷ್ಟ. ನಿಲ್ಲು, ಸರ್ವ್ ಅವರದು." ಟವೆಲ್ಲಿನಿಂದ ಒರೆಸಿಕೊಂಡು ಎದ್ದು ರಾಕೆಟ್ ಹಿಡಿದೇಬಿಟ್ಟಳು. ಮುಂದಿನ ಹಲ್ಲಿನ ಒಂದು ತುಣುಕು ಹೋಗಿತ್ತು, ಅದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ನಾನು ನೆಟ್ ಹತ್ತಿರ ಹೋಗಿ ಅಂಪೈರ್‌ಗೆ, "ವಿ ರಿಟೈರ್" ಅಂದು ಪಂದ್ಯ ಬಿಟ್ಟುಕೊಟ್ಟೆ. ಹಿಂದಿನಿಂದ ಅವಳು, "ಅಕ್ಕಾ, ಬ್ಯಾಡ! ಅಕ್ಕಾ!" ಅಂತ ಕೂಗುತ್ತಿದ್ದಳು. ಎದುರಿನವರ ಕೈಕುಲುಕಿದೆ. ಆಯ್ಕೆಗಾರರ ಮೇಜಿಗೆ ಹೋಗಿ ನನ್ನ ಕಣ್ಣಿನ ವಿಷಯ ಪೂರ್ತಿ ಹೇಳಿದೆ. ನನ್ನ ಆಟ ಅಲ್ಲಿಗೆ ಮುಗಿಯಿತು.

ಕೆಲವು ದಿನ ಕಳೆದ ಮೇಲೆ ಆಯ್ಕೆಗಾರರಲ್ಲಿ ಒಬ್ಬರು ಫೋನ್ ಮಾಡಿದರು. ಮುಖ್ಯ ಜೋಡಿ ಕ್ಯಾಲಿಫೋರ್ನಿಯಾದವರೇ. ಆದರೆ ಒಂದು ಬದಲಿ ಜೋಡಿಯನ್ನೂ ಯೂರೋಪಿಗೆ ಕಳಿಸಲು ತೀರ್ಮಾನವಾಗಿತ್ತು. ಧಾರವಾಡದವಳನ್ನು ಬಿಡಲು ಅವರಿಗೆ ಮನಸ್ಸಿಲ್ಲ, ಜೊತೆಗೆ ಆ ಕಾಲೇಜು ಹುಡುಗಿಯನ್ನು ಹಾಕೋಣವೇ, ತಯಾರು ಮಾಡುತ್ತೀರಾ ಅಂತ ಕೇಳಿದರು. ಮಾಡುತ್ತೀನಿ ಅಂದೆ. ಧಾರವಾಡದವಳಿಗೆ ಫೋನಿನಲ್ಲಿ ಹೇಳಿದರೆ ಕೆಂಡವಾದಳು.

"ನಾ ಒಲ್ಲೆ. ನಿನ್ನ ಬಿಟ್ಟು ಯಾರ ಜೋಡಿನೂ ಆಡಂಗಿಲ್ಲ. ಕೇಳದ ಮಾಡದ ರಿಟೈರ್ ಅಂದಿ. ನಾ ಕೈಬಿಟ್ಟಿದ್ದೆನೇನು ನಿನ್ನ?"

"ನೀನು ಕೈಬಿಡಲ್ಲ ಅಂತಲೇ ನಾನು ಬಿಟ್ಟಿದ್ದು" ಅಂದೆ. "ಇನ್ನೊಂದು ಸಲ ಆಡಿದ್ದರೆ ನಿನ್ನ ಕಣ್ಣಿಗೇ ಹೊಡೀತಿದ್ದೆ. ಆಗ ಇಬ್ಬರೂ ಕುರುಡಿಯರು ಕೂತು ಏನು ಮಾಡೋಣ?" ಆಚೆಯಿಂದ ಅವಳು ಅಳುವುದು ಕೇಳಿಸುತ್ತಿತ್ತು. ಆ ವಾರ ಪ್ರಾಕ್ಟೀಸಿಗೆ ಬಂದಳು, ನನ್ನ ಮುಖ ನೋಡದೆ.

ಹುಡುಗಿ ಚುರುಕು. ಇಬ್ಬರೂ ಅಕ್ಕಪಕ್ಕ ನಿಲ್ಲುವಾಗ ನನ್ನ ಜಾಗದಲ್ಲಿ, ಎಡಕ್ಕೆ ನಿಂತಳು; 'ನಂದು', 'ಬಿಡು' ಎರಡೂ ಅಮೆರಿಕನ್ ರಾಗದಲ್ಲಿ ಕೂಗಿದಳು. ನಾನು ನೆಟ್ಟಿನ ಆಚೆ ಬುಟ್ಟಿ ತುಂಬ ಶಟಲ್ ಇಟ್ಟುಕೊಂಡು ಒಂದೊಂದೇ ಹೊಡೆದು ಕೊಡುತ್ತಿದ್ದೆ. ಮಧ್ಯಕ್ಕೆ ಕೊಟ್ಟರೆ ಚೆನ್ನಾಗಿ ಆಡಿದರು, ಬಲಕ್ಕೂ ಸರಿ. ಎಡಗಡೆ ಎತ್ತರಕ್ಕೆ ಕೊಟ್ಟೆ. ಎರಡು ರಾಕೆಟ್ ಒಂದಕ್ಕೊಂದು ಬಡಿದ ಸದ್ದು. ಇನ್ನೊಂದು ಕೊಟ್ಟೆ, ಮತ್ತೆ ಅದೇ ಸದ್ದು.

"ಆಂಟಿ, ಶೀ ಕೀಪ್ಸ್ ಕಮಿಂಗ್ ಇಂಟು ಮೈ ಸೈಡ್" ಅಂದಳು ಹುಡುಗಿ.

ನೆಟ್ ಕೆಳಗೆ ನುಸುಳಿ ಆಚೆ ಹೋಗಿ ನೋಡಿದೆ. ನಿಲ್ಲಬೇಕಾದ ಜಾಗಕ್ಕಿಂತ ಧಾರವಾಡದವಳು ಒಂದು ಹೆಜ್ಜೆ ಎಡಕ್ಕೆ ನಿಂತಿದ್ದಳು. ಆ ಒಂದು ಹೆಜ್ಜೆ ನನಗಾಗಿ ಸರಿದದ್ದು. ನೆಲಕ್ಕೆ ಟೇಪಿನ ತುಂಡು ಅಂಟಿಸಿ, "ಇಲ್ಲಿ ನಿಲ್ಲು" ಅಂದು ವಾಪಸ್ ಬಂದೆ. ಶಟಲ್ ಎತ್ತಿದೆ. ಮತ್ತೆ ಬಡಿದುಕೊಂಡವು. ಮತ್ತೊಂದು, ಅದೇ ಕಥೆ. ನನ್ನ ಹಾಳು ಬಾಯಿ ತಡೆಯಲಿಲ್ಲ.

"ಅಲ್ಲಿಗೆ ಹೋಗಬೇಡ ಅಂದೆನಲ್ಲ! ಅವಳಿಗೆ ಕಣ್ಣು ಕಾಣುತ್ತೆ ಕಣೇ!"

ಜಿಮ್ಮಿನಲ್ಲಿ ಎಲ್ಲರೂ ನಿಂತುಬಿಟ್ಟರು. ಅವಳು ರಾಕೆಟ್ಟನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಳು. ಹೊಲಿಗೆ ಹಾಕಿದ ತುಟಿ ಅದುರುತ್ತಿತ್ತು.

"ಗೊತ್ತದ ಅಕ್ಕಾ. ಕಾಲಿಗೆ ಗೊತ್ತಾಗವಲ್ದು."

ನನಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡರೆ ಅವತ್ತಿನ ಪ್ರಾಕ್ಟೀಸ್ ಮುಗಿಯುತ್ತಿತ್ತು, ಬಹುಶಃ ಅವಳ ಯೂರೋಪೂ. "ಟೇಪ್ ಮೇಲೆ ನಿಲ್ಲು" ಅಂದೆ. ನಿಂತಳು. ಎಡಗಡೆಗೆ, ಆದಷ್ಟು ಎತ್ತರಕ್ಕೆ ಒಂದು ಶಟಲ್ ಎತ್ತಿದೆ. ನೆಟ್ ದಾಟಿ ಮೇಲಕ್ಕೆ ಹೋಗುವವರೆಗೆ ನನಗೆ ಕಂಡಿತು, ಆಮೇಲೆ ಕಾಣಲಿಲ್ಲ. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಎಡಗಾಲಿನ ಹಿಮ್ಮಡಿ ಎದ್ದಿತು. ಒಂದು ಕ್ಷಣ ಹಾಗೇ ಇತ್ತು. ಮೆಲ್ಲಗೆ ಮತ್ತೆ ನೆಲಕ್ಕೆ ಇಳಿಯಿತು.

ಮೂಲೆಯಿಂದ ಹುಡುಗಿ ಹೊಡೆದ ಸದ್ದು ಬಂತು, ಒಂದೇ ರಾಕೆಟ್ಟಿನ ಸದ್ದು. "ಹಾಂ, ಹಾಗೆ" ಅಂದೆ.